ಕ್ಯಾಲ್ಸಿಕ್ವೆಸ್ಟ್ರಿನ್ ಬ್ಯಾಂಡ್ 55ರಲ್ಲಿ ಯಾಕೆ?

ಹೃದಯ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಪ್ರೋಟೀನ್ ಕ್ಯಾಲ್ಸಿಕ್ವೆಸ್ಟ್ರಿನ್‌ನ ತೂಕ ಸುಮಾರು 45 ಕಿಲೋಡಾಲ್ಟನ್, ಆದರೆ ಮಣಿಪಾಲದ ನಿಮ್ಮ ಲ್ಯಾಬಿನ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಓಡಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಅದರ ಬ್ಯಾಂಡ್ 55ರ ಹತ್ತಿರ ಬರುತ್ತಿದೆ, ಆಂಟಿಬಾಡಿ ಹಾಳಾಗಿದೆಯಾ ಎಂದು ಕೇಳಿದ್ದೀರಿ. ಹೊಸತಕ್ಕೆ ದುಡ್ಡು ಹಾಕಬೇಡಿ ಮಾರ್ರೆ, ಅದು ಬರಬೇಕಾದದ್ದು ಅಲ್ಲಿಯೇ. ಈ ಪ್ರೋಟೀನಿನ ತುಂಬ ಆಸ್ಪಾರ್ಟೇಟ್, ಗ್ಲುಟಮೇಟ್ ಎಂಬ ಋಣ ಆವೇಶದ ಅಮೈನೋ ಆಮ್ಲಗಳು. ಕ್ಯಾಲ್ಸಿಯಂ ಹಿಡಿದಿಡುವುದೂ ಆ ಋಣ ಆವೇಶವೇ. ಅದರಿಂದಾಗಿ ಎಸ್‌ಡಿಎಸ್ (ಪ್ರೋಟೀನಿಗೆ ಅಂಟಿ ಅದನ್ನು ಜೆಲ್‌ನಲ್ಲಿ ಓಡುವಂತೆ ಮಾಡುವ ಡಿಟರ್ಜೆಂಟ್) ಕಡಿಮೆ ಅಂಟಿ, ಪ್ರೋಟೀನ್ ಜೆಲ್‌ನಲ್ಲಿ ನಿಧಾನ ಓಡುತ್ತದೆ, ಇದ್ದದ್ದಕ್ಕಿಂತ ಭಾರವಾಗಿ ಕಾಣುತ್ತದೆ.

ಖಚಿತವಾಗಬೇಕಾದರೆ ಇನ್ನೊಂದು ಜೆಲ್‌ಗೆ ಸ್ಟೇನ್ಸ್-ಆಲ್ ಎಂಬ ಬಣ್ಣ ಹಾಕಿ. ಮೊದಲು 25% ಐಸೊಪ್ರೊಪನಾಲ್‌ನಲ್ಲಿ ನಾಲ್ಕೈದು ಸಲ ತೊಳೆಯಿರಿ. ಎಸ್‌ಡಿಎಸ್ ಉಳಿದರೆ ಬಣ್ಣ ಕೆಡುತ್ತದೆ. ಡಬ್ಬಿಗೆ ಫಾಯಿಲ್ ಸುತ್ತಿಡಿ, ಬೆಳಕು ತಾಗಿದರೆ ಬಣ್ಣ ಮಾಸುತ್ತದೆ, ಫೋಟೊ ಕೂಡಲೇ ತೆಗೆಯಿರಿ. ಕ್ಯಾಲ್ಸಿಕ್ವೆಸ್ಟ್ರಿನ್ ನೀಲಿ, ಹೆಚ್ಚಿನ ಉಳಿದ ಪ್ರೋಟೀನುಗಳು ಗುಲಾಬಿ. ಆದರೆ 60ರ ಆಸುಪಾಸಿನಲ್ಲಿ ಬರುವ ಕ್ಯಾಲ್‌ರೆಟಿಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಸಹ ನೀಲಿಯೇ, ಹಾಗಾಗಿ ಬ್ಲಾಟ್ ಬಿಡುವಂತಿಲ್ಲ.