ಹಳೆಯ ಜಿಗ್‌ಬೀ ಬಲ್ಬನ್ನು ಬೇರೆಯವರಿಗೆ ಕೊಟ್ಟರೆ ಮನೆಯ ಉಳಿದ ಬಲ್ಬುಗಳಿಗೆ ಅಪಾಯವೇ?

ರೀಸೆಟ್ ಮಾಡದೆ ಕೊಟ್ಟಿದ್ದರೆ, ಹೌದು. ಜಿಗ್‌ಬೀ ಅಂದರೆ ಸ್ಮಾರ್ಟ್ ಬಲ್ಬು, ಸ್ವಿಚ್‌ಗಳು ಮಾತಾಡಿಕೊಳ್ಳುವ ನಿಸ್ತಂತು ಜಾಲ; ಅದರ ಸಾಧನಗಳೆಲ್ಲ 128 ಬಿಟ್‌ನ ಒಂದೇ ನೆಟ್‌ವರ್ಕ್ ಕೀ (ಸಂದೇಶಗಳನ್ನು ಎನ್‌ಕ್ರಿಪ್ಟ್ ಮಾಡುವ ಗುಟ್ಟಿನ ಸಂಖ್ಯೆ) ಹಂಚಿಕೊಂಡಿರುತ್ತವೆ; ‘ಹಾಲ್‌ನ ದೀಪಗಳೆಲ್ಲ ಆರಲಿ’ ಎಂಬ ಗುಂಪು ಆದೇಶಕ್ಕೂ ಅದೇ ಕಾವಲು. ಬಲ್ಬಿನ ಮೆಮೊರಿಯಿಂದ ಕೀ ತೆಗೆದವರು ರೇಡಿಯೊ ವ್ಯಾಪ್ತಿಯೊಳಗಿದ್ದರೆ ಯಾವ ಸ್ವಿಚ್‌ನ ಹೆಸರಲ್ಲಾದರೂ ಆದೇಶ ಕಳಿಸಬಹುದು. ಪ್ರತಿ ಸಂದೇಶಕ್ಕೂ ಏರುತ್ತಾ ಹೋಗುವ ಕ್ರಮಸಂಖ್ಯೆಯಾದ ಫ್ರೇಮ್ ಕೌಂಟರ್ ತಡೆಯುವುದು ಹಳೆಯ ಸಂದೇಶದ ಮರುಪ್ರಸಾರವನ್ನಷ್ಟೇ, ಕೀ ಇದ್ದವರನ್ನಲ್ಲ.

ಜಾಲ ನಡೆಸುವ ಹಬ್‌ನ ಪಟ್ಟಿಯಿಂದ ಬಲ್ಬನ್ನು ಅಳಿಸಿದರೆ ಸಾಲದು, ಕೀ ಬದಲಾಗಬೇಕು. ಹಬ್ ಆಗಿ ಜಿಗ್‌ಬೀ2ಎಂಕ್ಯೂಟಿಟಿ (Zigbee2MQTT) ಎಂಬ ತಂತ್ರಾಂಶ ಬಳಸುತ್ತಿದ್ದರೆ ಕಾನ್ಫಿಗರೇಶನ್ ಕಡತದಲ್ಲಿ ನೆಟ್‌ವರ್ಕ್ ಕೀ ಇರುವ ಕಡೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ‘ಜನರೇಟ್’ (GENERATE) ಎಂದು ಹಾಕಿ ರೀಸ್ಟಾರ್ಟ್ ಮಾಡಿ. ಅಡಾಪ್ಟರ್‌ಗೂ (ಕಂಪ್ಯೂಟರಿನ ಜಿಗ್‌ಬೀ ರೇಡಿಯೊ) ಕಾನ್ಫಿಗರೇಶನ್‌ಗೂ ತಾಳೆಯಾಗುತ್ತಿಲ್ಲವೆಂದು ತಂತ್ರಾಂಶ ನಿಂತರೆ, ಆ ಅಡಾಪ್ಟರ್‌ನ ಹಳೆಯ ವಿವರವಿರುವ ಕೋಆರ್ಡಿನೇಟರ್ ಬ್ಯಾಕಪ್ ಕಡತವನ್ನು ಬೇರೆಡೆ ಸರಿಸಿ. ಆಮೇಲೆ ಪ್ರತಿ ಸಾಧನವನ್ನೂ ಮತ್ತೆ ಜೋಡಿಸಬೇಕು. ಬೇಜಾರಿನ ಕೆಲಸ, ಅಡ್ಡದಾರಿಯಿಲ್ಲ. ಅಂದಹಾಗೆ, ನಿಮ್ಮ ಕೀ 1, 3, 5, 7 ಎಂದು ಶುರುವಾದರೆ ಅದು ಹಳೆಯ ಡೀಫಾಲ್ಟ್, ಜಗಜ್ಜಾಹೀರು. ಇವತ್ತೇ ಬದಲಿಸಿ.

ಜೋಡಿಸುವ ಹೊತ್ತೂ ಸೂಕ್ಷ್ಮವೇ. ಸಾಮಾನ್ಯವಾಗಿ ಆಗ ನೆಟ್‌ವರ್ಕ್ ಕೀಯನ್ನು ‘ಜಿಗ್‌ಬೀಅಲಯನ್ಸ್09’ ಎಂಬ, ಎಲ್ಲರಿಗೂ ಗೊತ್ತಿರುವ ಗುಟ್ಟಿನಿಂದ ಎನ್‌ಕ್ರಿಪ್ಟ್ ಮಾಡಿ ಕಳಿಸಲಾಗುತ್ತದೆ. ಜಿಗ್‌ಬೀ 3.0 ಸಾಧನದ ಮೇಲೆ ಇನ್‌ಸ್ಟಾಲ್ ಕೋಡ್ (ಆ ಸಾಧನಕ್ಕಷ್ಟೇ ಸೇರಿದ ಜೋಡಣೆಯ ಗುಟ್ಟು) ಅಚ್ಚಾಗಿದ್ದರೆ ಅದನ್ನೇ ಬಳಸಿ. ಮುಗಿದ ಕೂಡಲೇ, ಹೊಸ ಸಾಧನಗಳನ್ನು ಸೇರಿಸಿಕೊಳ್ಳುವ ‘ಪರ್ಮಿಟ್ ಜಾಯಿನ್’ ಆಫ್ ಮಾಡಿ.