ಮಂಡಿ ಸವೆದಿದೆ ಅಂದರೆ ಓಡಾಟವನ್ನೇ ನಿಲ್ಲಿಸಬೇಕಾ?

ಖಂಡಿತ ಬೇಡ. ಎಕ್ಸ್‌ರೇ ನೋಡಿ ಹೆದರಿದ ನಿಮ್ಮ ಅಮ್ಮ ನಡೆಯೋದನ್ನೇ ಬಿಟ್ಟಿದ್ದಾರೆ ಅಂತ ಬರೆದಿದ್ದೀರಿ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ಯಾವಾಗಲೂ ತಾಳೆ ಆಗುವುದಿಲ್ಲ. ಆದರೆ ಸುಮ್ನೆ ಕೂತರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಮಂಡಿಗೆ ಆಸರೆ ತಪ್ಪುತ್ತದೆ, ನೋವು ಜಾಸ್ತಿಯಾಗಿ ಅವರು ಇನ್ನಷ್ಟು ಹೊತ್ತು ಕೂರುತ್ತಾರೆ.

ಆ ಸ್ನಾಯುವಿಗೆ ಬಲ ಬರಲು ಅಮ್ಮನಿಂದ ಹೀಗೆ ಮಾಡಿಸಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಊರದೆ ಎದ್ದು, ನಿಧಾನಕ್ಕೆ ಕೂರಲಿ. ಶುರುವಿಗೆ 5 ಸಲ ಸಾಕು. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು, ಇಳಿಯುವಾಗಲೂ ಸ್ನಾಯುವಿಗೆ ಕೆಲಸ ಇದೆ ಅಲ್ವಾ? ಕಷ್ಟವಾದರೆ ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ. ಸ್ವಲ್ಪ ನೋವು ಬಂದರೆ ಗಾಬರಿ ಬೇಡ. ಮಾರನೇ ದಿನದೊಳಗೆ ಮೊದಲಿನಂತಾದರೆ ಮುಂದುವರಿಸಿ, ಊತ ಬಂದರೆ ಲೆಕ್ಕ ಅರ್ಧಕ್ಕೆ ಇಳಿಸಿ.

ನಿದ್ದೆಗೆಟ್ಟ ಮರುದಿನ ಅದೇ ನೋವು ಇನ್ನೂ ಜೋರು ಅನಿಸುತ್ತದೆ. ಹಾಗಾಗಿ ಮಲಗಿದ ಮೇಲೆ ಪಾದದಿಂದ ಮುಖದವರೆಗೆ ಒಂದೊಂದೇ ಭಾಗವನ್ನು 5 ಸೆಕೆಂಡ್ ಬಿಗಿ ಮಾಡಿ, ಉಸಿರು ಬಿಡುತ್ತಾ ಸಡಿಲ ಬಿಡಲಿ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ವಿಧಾನ ಇದು. ಶವಾಸನ ಮಾಡಿದವರಿಗೆ ಬೇಗ ಒಗ್ಗುತ್ತದೆ. ನೋವಿರುವ ಕಾಲನ್ನು ಮಾತ್ರ ಜೋರಾಗಿ ಬಿಗಿಯುವುದು ಬೇಡ.

ಮಂಡಿ ಕೆಂಪಾಗಿ ಬಿಸಿಯಾದರೆ, ಜೊತೆಗೆ ಜ್ವರ ಬಂದರೆ, ಅಥವಾ ಕಾಲೂರಲೇ ಆಗದಿದ್ದರೆ ಇದೆಲ್ಲ ಬಿಟ್ಟು ಅವತ್ತೇ ಡಾಕ್ಟರ್ ಹತ್ತಿರ ಹೋಗಿ.