ಪಿನ್ ಬಕೆಟ್ ಲೋಡರಿಗೆ ಕ್ವಿಕ್ ಅಟ್ಯಾಚ್, ಪ್ಯಾಲೆಟ್ ಫೋರ್ಕ್
ಸರ್, ನಿಮ್ಮ ಚಿಕ್ಕ ಟ್ರಾಕ್ಟರಿನ ಲೋಡರ್ ಬಕೆಟ್ ಸಿಕ್ಕಿಸೋ ಪಿನ್ನಿನ ಜಾಗದಲ್ಲಿ 350 ಕೆಜಿ ಎತ್ತುತ್ತೆ, ಕ್ವಿಕ್ ಅಟ್ಯಾಚ್ (ಬಕೆಟ್, ಫೋರ್ಕ್ ಬೇಗ ಬದಲಿಸೋ ಅಡಾಪ್ಟರ್) ಹಾಕಿದರೆ ಫೋರ್ಕಲ್ಲಿ 300 ಕೆಜಿ ಪ್ಯಾಲೆಟ್ ಎತ್ತಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಅಡಾಪ್ಟರಿಗೆ 40, ಫ್ರೇಮು-ಫೋರ್ಕಿಗೆ 100 ಕೆಜಿ ಹಿಡಿದರೂ ಉಳಿಯೋದು 210. ಪ್ಯಾಲೆಟ್ಟಿನ ಭಾರ ಪಿನ್ನಿಗಿಂತ ಎರಡಡಿಗೂ ಹೆಚ್ಚು ಮುಂದೆ ಬೀಳೋದರಿಂದ ಅದೂ ಸಿಗಲ್ಲ. 150ರ ಒಳಗೇ ಇರಿ.

ಆರ್ಡರ್ ಮಾಡೋ ಮೊದಲು ವರ್ನಿಯರ್ ಕ್ಯಾಲಿಪರ್, ಟೇಪ್ ಹಿಡಿದು ಪಿನ್ ದಪ್ಪ, ತೋಳಿನ ತುದಿಯ ಅಗಲ, ಎರಡು ತೋಳುಗಳ ನಡುವಿನ ಅಂತರ, ಕೆಳಗಿನ ಪಿನ್ನಿಂದ ಬಕೆಟ್ ಬಾಗಿಸೋ ಸಿಲಿಂಡರಿನ ಪಿನ್ನಿಗಿರೋ ಅಂತರ ಅಳೆಯಿರಿ. ಅಗಲದಲ್ಲಿ ಒಂದೆರಡು ಮಿಮೀ ಸಡಿಲವಿದ್ದರೆ ವಾಷರ್ ಹಾಕಿ ಸರಿಮಾಡಬಹುದು. ಕೊನೆಯ ಅಳತೆ ತಪ್ಪಿದರೆ ಮಾತ್ರ ಉಪಾಯವಿಲ್ಲ: ಬಾಗೋ ಕೋನವೇ ಬದಲಾಗಿ ಫೋರ್ಕು ನೆಲಕ್ಕೆ ಸಮ ಕೂರಲ್ಲ.

ಹಳೇ ಬಕೆಟ್ ಬಿಚ್ಚೋಕೆ ಅದನ್ನ ನೆಲಕ್ಕಿಟ್ಟು, ಎಂಜಿನ್ ಆಫ್ ಮಾಡಿ, ಲೋಡರ್ ಲಿವರ್ ಆಡಿಸಿ ಹೈಡ್ರಾಲಿಕ್ ಒತ್ತಡ ಬಿಡಿ. ಪಿನ್ ತೆಗೆಯೋ ಮುಂಚೆ ಸಿಲಿಂಡರನ್ನ ಹಗ್ಗದಲ್ಲಿ ಕಟ್ಟಿ, ಇಲ್ಲದಿದ್ರೆ ದಬ್ಬನೆ ಕೆಳಗೆ ಬೀಳುತ್ತೆ. ಹೊಸ ಪಿನ್ನಿಗೆ ಗ್ರೀಸ್ ಮರೀಬೇಡಿ.

ಫೋರ್ಕ್ ಸಿಕ್ಕಿಸಿದ ಮೇಲೆ ಕ್ವಿಕ್ ಅಟ್ಯಾಚಿನ ಎರಡೂ ಲಾಕ್ ಲಿವರ್ ಕೆಳಗೆ ಬಂದಿದ್ದರೆ ಸಾಲದು. ಇಳಿದು ನೋಡಿ, ಲಾಕ್ ಪಿನ್ ಕೆಳಗಿನ ತೂತಿನಿಂದ ಆಚೆ ಚಾಚಿರಬೇಕು. ಆ ತೂತಲ್ಲಿ ಮಣ್ಣು ಗಟ್ಟಿಯಾಗಿದ್ರೆ ಅರ್ಧಕ್ಕೇ ನಿಲ್ಲುತ್ತೆ. ಆಮೇಲೆ ಫೋರ್ಕಿನ ತುದಿ ನೆಲಕ್ಕೊತ್ತಿ, ಫ್ರೇಮ್ ಕೆಳಗಡೆ ಬಿಟ್ಟುಕೊಳ್ಳುತ್ತಾ ಅಂತ ಪರೀಕ್ಷಿಸಿ.

ಹಿಂದೆ ತ್ರೀ ಪಾಯಿಂಟಿಗೆ (ನೇಗಿಲು ಸಿಕ್ಕಿಸೋ ಜಾಗಕ್ಕೆ) ಭಾರ ಕಟ್ಟದೆ ಪ್ಯಾಲೆಟ್ ಮುಟ್ಟಲೇಬೇಡಿ. ಹಿಂದಿನ ಚಕ್ರ ಏಳುತ್ತೆ, ಬ್ರೇಕೂ ಹಿಡಿಯಲ್ಲ. ಹಳೇ ಬಕೆಟ್ಟಿಗೂ ಕ್ವಿಕ್ ಅಟ್ಯಾಚಿಗೆ ಕೂರೋ ಬೆನ್ನುಪ್ಲೇಟ್ ವೆಲ್ಡ್ ಮಾಡಿಸಬೇಕು, ಆ ಖರ್ಚನ್ನೂ ಸೇರಿಸಿಕೊಳ್ಳಿ.